ಗಾರ್ಲಂಡ್ ಟೀಗನ ಹೆಸರು ಹೊಡೆದುಹಾಕಿದ್ದು

ಜೂನ್ 9

ಈ ಕಥೆಯನ್ನು ಮೊದಲು ಹೇಳಿದವನು ಗಾರ್ಲಂಡ್ ಟೀಗ್. ಒಂಬತ್ತು ವರ್ಷದ ಹಿಂದಿನ ಆಗಸ್ಟ್ ತಿಂಗಳಲ್ಲಿ, ಲೆಕ್ಸಿಂಗ್ಟನ್ನಿನ ಟಿವಿ ಸ್ಟುಡಿಯೋದಲ್ಲಿ, ಕೆನ್ನೆಗೆ ಪೌಡರು ಹಚ್ಚಿಸಿಕೊಂಡು ಕೂತು ಹೇಳಿದ. "ಐಡೆಲ್ಲಾ ಕೋಮ್ಸ್ ಒಳ್ಳೇ ಜಡ್ಜು. ಆದ್ರೆ ಅವರ ಮನೇಲಿ ಏನು ನಡೀತಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಜೊತೆಗೆ ಸೇರಿಸ್ಕೋತಾನೇ ಇರಲಿಲ್ಲ."

ಆಗ ಅವನು ಕೆಂಟಕಿಯ ಗವರ್ನರ್ ಆಗಲು ನಿಂತಿದ್ದ. ನಮ್ಮ ರಾಜ್ಯದಲ್ಲಿ ಗವರ್ನರ್, ಉಪ ಗವರ್ನರ್ ಇಬ್ಬರೂ ಜೋಡಿಯಾಗಿಯೇ ನಿಲ್ಲಬೇಕು. ಅವನ ಜೋಡಿ ನಾನು, ಐಡೆಲ್ಲಾ. ನನ್ನ ಮಗ ಟೋಬಿ ನಶೆಗೆ ತಿನ್ನುವ ನೋವಿನ ಮಾತ್ರೆಗಳ ಸಮೇತ ಪೊಲೀಸರ ಕೈಗೆ ಸಿಕ್ಕ ವಾರ ಅದು. ಗಾರ್ಲಂಡ್ ನನಗೊಂದು ಫೋನ್ ಕೂಡ ಮಾಡಲಿಲ್ಲ. ನನ್ನನ್ನು ಕೈಬಿಟ್ಟ ಸುದ್ದಿ ನನಗೆ ಗೊತ್ತಾದದ್ದು ಟಿವಿಯಲ್ಲಿ, ಟೋಬಿಯ ಪಕ್ಕದಲ್ಲಿ ಕೂತಿದ್ದಾಗ. "ಅಮ್ಮಾ, ನನ್ನಿಂದ ಹೀಗಾಯ್ತಲ್ಲ" ಎಂದ ಹುಡುಗ. ಆ ಚಳಿಗಾಲ ದಾಟಲಿಲ್ಲ ಅವನು. ಮಾತ್ರೆಯೇ ತೆಗೆದುಕೊಂಡು ಹೋಯಿತು.

ಗಾರ್ಲಂಡ್ ಆ ಚುನಾವಣೆ ಸೋತ. ಅದು ನನಗೆ ಸಾಲಲಿಲ್ಲ. ಆಮೇಲೆ ಸೆನೆಟರ್ ಆದ. ಅದಂತೂ ಗಂಟಲಲ್ಲಿ ಸಿಕ್ಕಿದ ಮುಳ್ಳು.

ಇವತ್ತು ಮಾರ್ಟಾ ಹುಡಾಕ್ ಫೋನ್ ಮಾಡಿದಳು. ಲಾ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿ ಇದ್ದವರು ನಾವು. ಈಗ ಅವಳು ಓಹಾಯೋದ ಗವರ್ನರ್. ನಮ್ಮ ಪಕ್ಷದಿಂದ ದೇಶದ ಅಧ್ಯಕ್ಷಗಿರಿಗೆ ನಿಂತಿದ್ದಾಳೆ.

"ಐಡಾ, ಉಪಾಧ್ಯಕ್ಷ ಸ್ಥಾನಕ್ಕೆ ನನ್ನ ಜೊತೆ ನಿಲ್ಲೋರನ್ನ ಆರಿಸ್ಬೇಕು. ಜರಡಿ ನೀನು ಹಿಡಿ."

"ಯಾರ್ಯಾರನ್ನ ಸುರೀತೀಯ ಅದಕ್ಕೆ?"

"ನ್ಯೂ ಮೆಕ್ಸಿಕೋ ಗವರ್ನರ್ ರೂಬೆನ್ ಬಾಕಾ. ಒಬ್ಬ ಜನರಲ್. ಆಮೇಲೆ… ಕೋಪ ಮಾಡ್ಕೋಬೇಡ."

"ಗಾರ್ಲಂಡಾ?"

"ಗಾರ್ಲಂಡ್."

ಅವಳೇ ಮಾತು ಮುಂದುವರಿಸಿದಳು. "ನೀನು ಅವನ ಶತ್ರು ಅಂತ ಎಲ್ಲರಿಗೂ ಗೊತ್ತು. ನಿನ್ನ ಜರಡಿ ದಾಟಿ ಬಂದ ಅಂದ್ರೆ ಆಮೇಲೆ ಅವನ ಮೇಲೆ ಯಾರೂ ಬೆರಳು ತೋರಿಸೋ ಹಾಗಿಲ್ಲ."

"ದಾಟದೆ ಹೋದ್ರೆ?"

"ಕಾರಣ ಹೇಳು. ಸಿಟ್ಟಲ್ಲ ಕಣೇ, ಕಾರಣ."

ಒಪ್ಪಿದೆ. ದನಿಯಲ್ಲಿ ಖುಷಿ ಇಣುಕದ ಹಾಗೆ ನೋಡಿಕೊಂಡೆ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತೇ ಪೀಚ್ ಹಣ್ಣಿನ ಪೈ ಪೂರ್ತಿ ತಿಂದುಹಾಕಿದೆ. ತಟ್ಟೆಗೂ ಹಾಕಿಕೊಳ್ಳಲಿಲ್ಲ.


ಜೂನ್ 14

ಕೊಲಂಬಸ್ಸಿನಲ್ಲಿ ಮಾರ್ಟಾಳ ಮನೆ. ಮತಗಳ ಲೆಕ್ಕ ನೋಡುವ ವೆಂಡಲ್ ಎಂಬವನು ಗೋಡೆ ತುಂಬ ನಕ್ಷೆ ಅಂಟಿಸಿದ್ದ. ಬಣ್ಣಬಣ್ಣದ ಜಿಲ್ಲೆಗಳು.

"ಟೀಗ್ ಬಂದ್ರೆ ಕಲ್ಲಿದ್ದಲ ಜಿಲ್ಲೆಗಳು ನಮ್ಮ ಕಡೆ ವಾಲ್ತವೆ. ಬಾಕಾ ಬಂದ್ರೆ ಮರುಭೂಮಿ ಕಡೆ ಎರಡು ರಾಜ್ಯ. ಜನರಲ್ ಬಂದ್ರೆ ಮುದುಕರ ಮತ" ಎಂದು ಕಡ್ಡಿ ಇಟ್ಟು ತೋರಿಸಿದ.

"ಮಾರ್ಟಾ ಸತ್ರೆ?" ಎಂದೆ.

ವೆಂಡಲ್‌ನ ಕಡ್ಡಿ ಅಲ್ಲೇ ನಿಂತಿತು.

"ಯಾಕಪ್ಪಾ, ಆ ಹುದ್ದೆ ಇರೋದೇ ಅದಕ್ಕಲ್ವಾ? ಇವಳು ಬೆಳಿಗ್ಗೆ ಹೋದ್ರೆ ಸಾಯಂಕಾಲ ಆ ಕುರ್ಚೀಲಿ ಕೂರೋನು ಯಾರು ಅಂತ ನೋಡ್ಬೇಕು. ಅದಕ್ಕೆ ಯಾವ ಬಣ್ಣ ಬಳ್ದಿದ್ದೀಯ ನಕ್ಷೇಲಿ?"

ಮಾರ್ಟಾ ನಕ್ಕಳು. ನಾನು ನನ್ನ ಅಜ್ಜಿಯ ಮಾತು ಹೇಳಿದೆ. ನಮ್ಮ ಗುಡ್ಡಗಳಲ್ಲಿ ಮರದ ದಿಮ್ಮಿ ಎಳೆಯಲು ಹೇಸರಗತ್ತೆ ಕಟ್ಟುತ್ತಿದ್ದರು. ಒಂದು ಕತ್ತೆ ಮನೆಯಲ್ಲಿದ್ದು ಅದಕ್ಕೆ ಜೋಡಿ ಕೊಳ್ಳಲು ಹೋದಾಗ ಅಜ್ಜಿ ಏರು ಹತ್ತಿಸಿ ನೋಡುತ್ತಲೇ ಇರಲಿಲ್ಲ. ಏರಿನಲ್ಲಿ ಎಲ್ಲ ಕತ್ತೆಯೂ ಎಳೆಯುತ್ತದೆ, ಚಾಟಿ ಇದ್ದರೆ ಸಾಕು. ಇಳಿಜಾರಿನಲ್ಲಿ ದಿಮ್ಮಿ ಹಿಂದಿನಿಂದ ನುಗ್ಗಿ ಬರುವಾಗ ಪಕ್ಕದ ಕತ್ತೆಯನ್ನು ಬಿಟ್ಟು ಬದಿಗೆ ಹಾರುತ್ತದೋ, ಕಾಲೂರಿ ತಡೆಯುತ್ತದೋ, ಅದನ್ನು ನೋಡಬೇಕು.

"ಗಾರ್ಲಂಡ್ ಹಾರ್ತಾನೆ ಅಂತ ತಾನೆ ನೀನು ಹೇಳೋದು?" ಎಂದಳು ಮಾರ್ಟಾ.

"ನಾನು ಕತ್ತೆ ವಿಷಯ ಹೇಳ್ದೆ."

"ಅವನು ಹಾರಿದ್ದು ಗೊತ್ತಿದ್ದೇ ಅವನ ಹೆಸರು ಸೇರ್ಸಿದ್ದು ನಾನು. ಮನುಷ್ಯ ಒಂಬತ್ತು ವರ್ಷದಲ್ಲಿ ಬದಲಾಗಬಹುದು ಐಡಾ. ಹೊಸದೇನಾದ್ರೂ ಇದ್ರೆ ತಗೊಂಡ್ ಬಾ."

ಹೊರಡುವಾಗ ಬಾಗಿಲಲ್ಲಿ ನನ್ನ ತೋಳು ಹಿಡಿದು, ಗೆದ್ದರೆ ದೇಶದ ನ್ಯಾಯ ಇಲಾಖೆ ನಿನ್ನ ಕೈಗೆ, ಎಂದಳು. ಅರವತ್ತೊಂದನೇ ವಯಸ್ಸಿನಲ್ಲಿ ಮುಖ ಕೆಂಪಾಯಿತು ನನಗೆ. ಹುಡುಗಿಯಾಗಿದ್ದಾಗಿನಿಂದ ಕಂಡ ಕನಸು. ಆದರೆ ನಿಜ ಬರೆಯುತ್ತೇನೆ: ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದ್ದು ಇಲಾಖೆಯನ್ನಲ್ಲ, ಗಾರ್ಲಂಡನನ್ನು.


ಜೂನ್ 20

ಗಾರ್ಲಂಡ್ ಟಿವಿಯಲ್ಲಿ ಬಂದ. "ನನಗೆ ಸೆನೆಟ್ ಕೆಲಸವೇ ತೃಪ್ತಿ. ಉಪಾಧ್ಯಕ್ಷ ಸ್ಥಾನದ ಆಸೆ ಇಲ್ಲ." ಇದು ನಮ್ಮ ಕಡೆಯ ಪದ್ಧತಿ. ಬೇಕು ಎಂದವನಿಗೆ ಸಿಗುವುದಿಲ್ಲ. ಬೇಡ ಬೇಡ ಎನ್ನುತ್ತ ಬಾಗಿಲ ಹತ್ತಿರವೇ ನಿಂತಿರಬೇಕು. ಬೀಗರ ಮನೆಯಲ್ಲಿ ಸಾಕು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದು ಬೆರಳ ಸಂದಿನಲ್ಲಿ ಬಡಿಸಿಕೊಳ್ಳುವವರ ಹಾಗೆ.

ಅವನ ತಲೆಗೂದಲಿಗೆ ಬಣ್ಣ ಹಚ್ಚಿದ್ದಾನೆ. ಬುಡದಲ್ಲಿ ಬಿಳಿ ಕಾಣುತ್ತದೆ. ಎದ್ದು ಹತ್ತಿರ ಹೋಗಿ ನೋಡಿದೆ.


ಜೂನ್ 27

ಅವನೇ ಬಂದ, ನಮ್ಮ ಸ್ಟಿಲ್‌ಹೌಸ್ ಹಳ್ಳದ ಮನೆಗೆ. ಕಚೇರಿಯಲ್ಲಿ ಪ್ರಶ್ನೆ ಕೇಳಬಹುದಿತ್ತು. ಬೇಕೆಂದೇ ಇಲ್ಲಿಗೆ ಕರೆಸಿದೆ. ಪಡಸಾಲೆಯ ಬೆಂಚಿನ ಮೇಲೆ, ಟೋಬಿಯ ಫೋಟೋ ಕಿಟಕಿಯೊಳಗಿಂದ ಕಾಣುವ ಕಡೆ ಕೂರಿಸಿದೆ. ಕುಡಿಯಲು ಏನು ಬೇಕೆಂದು ಕೇಳಲಿಲ್ಲ. ನಮ್ಮ ಗುಡ್ಡದಲ್ಲಿ ಇದು ಬೈಗುಳಕ್ಕಿಂತ ದೊಡ್ಡದು. ಗುಡ್ಡದವನೇ ಆದ ಗಾರ್ಲಂಡನಿಗೆ ಅರ್ಥವಾಯಿತು. ಬಿಸಿಲಲ್ಲಿ ತುಟಿ ಒಣಗಿಸಿಕೊಂಡು ಕೂತ.

ಆದಾಯ, ಜಮೀನು, ಹಳೆಯ ಭಾಷಣ, ಕಾಯಿಲೆ, ಎಲ್ಲ ಕೇಳಿದೆ. ಎಲ್ಲದಕ್ಕೂ ಉತ್ತರ ಇತ್ತು ಅವನ ಹತ್ತಿರ. ಕೊನೆಗೆ, ಇಷ್ಟು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ನಿಧಾನವಾಗಿ ಬಿಟ್ಟೆ.

"ಸೆನೆಟರೇ, ನಿಮ್ಮ ಮನೇಲಿ ಏನಾದ್ರೂ ನಡೀತಾ ಇದೆಯಾ? ನಾಳೆ ಹೊರಗೆ ಬಂದು ನಮಗೆ ನಾಚಿಕೆ ಆಗೋ ಅಂಥದ್ದು?"

ಅವನು ನನ್ನನ್ನು ನೋಡಿದ. "ಸೆನೆಟರೇ ಅಂತ ಯಾಕೆ ಕರೀತೀಯ ಐಡಾ."

"ಉತ್ತರ ಹೇಳಿ."

"ನನ್ನ ಮನೆ ಅಂದ್ರೆ ಲಾರೆಲ್ ಒಬ್ಬಳೇ. ಅವಳಮ್ಮ ಹೋದ ಮೇಲೆ ನಾನು, ಅವಳು. ಬೆರೀಯ ಊರಿನ ಸಸಿ ನರ್ಸರೀಲಿ ಕೆಲಸ ಕಲೀತಿದ್ದಾಳೆ. ತಪ್ಪದೆ ಫೋನ್ ಮಾಡ್ತಾಳೆ. ಗಾಜಿನ ಹಾಗೆ ಇದೆ ನನ್ನ ಮನೆ."

"ಗಾಜಿನ ಮನೆಯೋರು ಕಲ್ಲು ಎಸೀಬಾರ್ದು ಅಂತಾರೆ."

ಅವನು ಟೋಪಿ ತಿರುಗಿಸುತ್ತ ಕೂತ. ಆಮೇಲೆ ಮೆಲ್ಲಗೆ, "ಆವತ್ತು ನನಗೆ ಬೇರೆ ದಾರಿ ಇರಲಿಲ್ಲ ಐಡಾ" ಎಂದ.

"ಇತ್ತು. ಈ ಗೇಟಿನ ತನಕ ಟಾರು ಹಾಕಿದ ದಾರಿ. ಒಂದು ಸಲ ಬಂದು ಮುಖ ಕೊಟ್ಟು ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ."

ಒಣ ತುಟಿಯಲ್ಲೇ ಕಾರು ತಿರುಗಿಸಿಕೊಂಡು ಹೋದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆದರೆ ನನ್ನ ಮನೆಯಲ್ಲಿ ಅಲ್ಲ.


ಜುಲೈ 3

ಅಭ್ಯರ್ಥಿಗಳ ವಯಸ್ಸಿಗೆ ಬಂದ ಮಕ್ಕಳನ್ನು ಅವರಿರುವಲ್ಲಿಗೇ ಹೋಗಿ, ತಂದೆತಾಯಿ ಇಲ್ಲದಾಗ ಮಾತಾಡಿಸಬೇಕು. ಇದು ನಾನೇ ಮಾಡಿದ ನಿಯಮ. ಬೆರೀಯಕ್ಕೆ ಹೋದೆ.

ಲಾರೆಲ್‌ಳನ್ನು ಕೊನೆಯ ಸಲ ನೋಡಿದಾಗ ಹತ್ತೊಂಬತ್ತರ ಹುಡುಗಿ. ನಮ್ಮ ಚುನಾವಣಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ಮಡಿಲಿಗೆ ಕಡಲೆಕಾಯಿ ಸಿಪ್ಪೆ ಸುರಿಯುತ್ತಿದ್ದಳು. ಈಗ ಕೋಲಿನ ಹಾಗಾಗಿದ್ದಾಳೆ. ಕೈತುಂಬ ಮಣ್ಣು. ನನ್ನನ್ನು ಕಂಡು ಹೆದರಲಿಲ್ಲ. ಸಸಿ ಬೆಳೆಸುವ ಗಾಜಿನ ಕೊಟ್ಟಿಗೆಯ ಹಿಂದೆ, ಗೊಬ್ಬರದ ಚೀಲಗಳ ಮೇಲೆ ಕೂರಿಸಿದಳು.

"ಬೇರೆ ಯಾರಾದ್ರೂ ಬಂದಿದ್ರೆ ಸುಳ್ಳು ಹೇಳಬೇಕು ಅಂತಿದ್ದೆ. ನಿಮಗೆ ಸುಳ್ಳು ಹೇಳೋಕಾಗಲ್ಲ ಐಡಾ ಆಂಟಿ."

"ಏನು?"

"ನಾನು ಕೆಲಸ ಕಲಿಯೋಕೆ ಬಂದಿದ್ದಲ್ಲ. ಇಲ್ಲಿ ಹೆಂಗಸರಿಗೆ ಮಾತ್ರೆ ಚಟ ಬಿಡಿಸೋ ಮನೆ ಒಂದಿದೆ. ಅಲ್ಲಿದ್ದೀನಿ. ಈ ಕೆಲಸ ಅವರೇ ಕೊಡಿಸಿದ್ದು."

ಚೀಲದ ಮೇಲೆ ಮುಂದಕ್ಕೆ ಜರುಗಿ ಕೂತೆ.

"ಅಪ್ಪನಿಗೆ?"

"ಗೊತ್ತಿಲ್ಲ. ಯಾವತ್ತೂ ಗೊತ್ತಾಗಿಲ್ಲ. ಅವರು ಟಿವೀಲಿ ಟೋಬಿ ಬಗ್ಗೆ ಮಾತಾಡಿದಾಗ ನಾನು ಅಲ್ಲೇ, ಕ್ಯಾಮೆರಾ ಹಿಂದೆ ನಿಂತಿದ್ದೆ. ನಮ್ಮ ಮನೇಲಿ ಯಾವುದನ್ನ ಹೇಳಬಾರದು ಅಂತ ಆವತ್ತೇ ಕಲಿತ್ಕೊಂಡೆ." ಉಗುರಿನ ಮಣ್ಣು ಕೆರೆದುಕೊಂಡಳು. "ಸರಿಯಾಗಿ ನಿಂತ್ಕೊಂಡ ಮೇಲೆ ನಾನೇ ಹೇಳ್ತೀನಿ ಅವರಿಗೆ. ಈಗ ಕಾಲು ಊರ್ತಾ ಇಲ್ಲ ಆಂಟಿ. ಆ ಮನೆ ಮುಂದೆ ಕ್ಯಾಮೆರಾ ಬಂದು ನಿಂತ್ರೆ ನಾನು ಓಡಿ ಹೋಗ್ತೀನಿ. ಎಲ್ಲಿಗೆ ಅಂತ ನಿಮಗೆ ಗೊತ್ತು."

ನೋಡಿಕೊಳ್ಳೋಣ ಎಂದೆ. ಅಷ್ಟೇ ಹೇಳಿದ್ದು. ಮಾತು ಕೊಡಲಿಲ್ಲ.

ಕಾರಿನಲ್ಲಿ ಬರುತ್ತ ಹಾಡಿದೆ. ಚರ್ಚಿನ ಹಾಡು, ಜೋರಾಗಿ, ಕಿಟಕಿ ಇಳಿಸಿ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ನನ್ನ ಎಲೆಯ ನೊಣ ಹುಡುಕಿದ್ದನಲ್ಲ! ಗಾಜಿನ ಮನೆಯಂತೆ! ದೇವರು ತಡಮಾಡುತ್ತಾನೆ, ಮರೆಯುವುದಿಲ್ಲ.


ಜುಲೈ 4

ಹಳ್ಳದ ಆಚೆ ಸ್ವಾತಂತ್ರ್ಯ ದಿನದ ಪಟಾಕಿ. ನೋಡಲು ಹೋಗಲಿಲ್ಲ. ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಎಂದು ಯೋಚಿಸುತ್ತ ಕೂತಿದ್ದೆ.

ಮಾರ್ಟಾಳಿಗೆ ಹೇಳಿದರೆ ಗುಟ್ಟಾಗಿ ಹೆಸರು ಬಿಡುತ್ತಾಳೆ. ಗಾರ್ಲಂಡ್ ಮಾನವಾಗಿ ಮನೆಗೆ ಹೋಗುತ್ತಾನೆ. ಅದಲ್ಲ ನನಗೆ ಬೇಕಾದದ್ದು. ಅವನೇ ಜೋಡಿ ಎಂದು ಘೋಷಣೆಯಾಗಲಿ. ಪಕ್ಷದ ಮಹಾಸಮ್ಮೇಳನದ ವೇದಿಕೆ ಹತ್ತಲಿ. ಸಂಭ್ರಮದ ಬಲೂನು ಮೇಲಿಂದ ಬೀಳಲಿ. ಆಮೇಲೆ ಮಗಳ ವಿಷಯ ಹೊರಗೆ ಬರಲಿ. ಅವನನ್ನೂ ಜೋಡಿಯಿಂದ ಕಿತ್ತು ಬಿಸಾಡಲಿ. ಟಿವಿಯ ಮುಂದೆ ಕೂತಾಗಲೇ ಅವನಿಗೆ ಗೊತ್ತಾಗಲಿ, ಮಗಳ ಪಕ್ಕದಲ್ಲಿ.

ಇದರಿಂದ ಮಾರ್ಟಾಳಿಗೂ ಏಟು ಬೀಳುತ್ತದೆ ಎಂಬುದು ಆಮೇಲೆ ಹೊಳೆಯಿತು. ಅದಕ್ಕೇನಾದರೂ ಉಪಾಯ ಮಾಡಬೇಕು.


ಜುಲೈ 8

ಲೂಯಿವಿಲ್ಲಿನ ಒಬ್ಬ ಪತ್ರಕರ್ತ ಫೋನ್ ಮಾಡಿದ್ದ. "ಜಡ್ಜಮ್ಮ, ಟೀಗ್ ಬಗ್ಗೆ ಏನಾದ್ರೂ ಸಿಕ್ತಾ? ನಿಮ್ಮ ಹೆಸರು ಎಲ್ಲೂ ಬರಲ್ಲ."

"ಸಿಕ್ಕಿದ್ರೆ ನಿಮಗೇ ಮೊದಲು ಹೇಳೋದು" ಎಂದೆ.

ನಾಲಿಗೆಯ ತುದಿಯಲ್ಲಿ ಇತ್ತು. ಯಾಕೆ ಹೇಳಲಿಲ್ಲ? ಕಾಲ ಬಂದಿಲ್ಲ, ಅಷ್ಟೇ. ಹಣ್ಣು ಪೂರ್ತಿ ಮಾಗುವ ಮೊದಲು ಕೀಳಬಾರದು.

ಆ ಹುಡುಗಿಯ ಮಣಿಕಟ್ಟು ನನ್ನ ಹೆಬ್ಬೆರಳಷ್ಟು ದಪ್ಪವಿಲ್ಲ. ಆ ಮನೆಯಲ್ಲಿ ಏನು ತಿನ್ನಲು ಕೊಡುತ್ತಾರೋ.


ಜುಲೈ 12

ಕೆಲವು ಪ್ರಶ್ನೆ ಕೇಳುವುದು ಬಾಕಿ ಇತ್ತು. ಬೆರೀಯಕ್ಕೆ ಮತ್ತೆ ಹೋದೆ. ಕಾಳು ಬೇಯಿಸಿದ್ದು ಹೆಚ್ಚಾಗಿತ್ತು, ಮೆಕ್ಕೆಜೋಳದ ಬ್ರೆಡ್ಡೂ ಇತ್ತು. ಕೆಡುತ್ತದಲ್ಲ ಎಂದು ಡಬ್ಬಿಗೆ ಹಾಕಿಕೊಂಡೆ.

ಲಾರೆಲ್ ತಿನ್ನುವುದನ್ನು ನೋಡುತ್ತ ಕೂತೆ. ಅರ್ಧ ತಿಂದು ಚಮಚ ಕೆಳಗಿಟ್ಟಳು.

"ಆಂಟಿ, ಇನ್ನೊಂದು ಹೇಳಬೇಕು. ಹೇಳಿದ ಮೇಲೆ ನೀವು ಏನು ಬೇಕಾದ್ರೂ ಮಾಡಿ. ಟೋಬಿ ಸಿಕ್ಕಿಬಿದ್ದಾಗ ಕಾರಲ್ಲಿ ಅವನೊಬ್ಬನೇ ಇರಲಿಲ್ಲ."

ಅವಳ ಕಡೆ ತಿರುಗಿ ಕೂತೆ.

"ನಾನಿದ್ದೆ. ಹಾಡುಹಗಲು, ಪೆಟ್ರೋಲ್ ಬಂಕಿನ ಹಿಂದೆ. ಪೊಲೀಸ್ ಕಾರು ತಿರುಗೋದು ಅವನಿಗೆ ಕನ್ನಡೀಲಿ ಕಾಣ್ತು. ನನ್ನ ಚೀಲದಲ್ಲಿದ್ದ ಮಾತ್ರೆ ಎಲ್ಲ ತೆಗೆದು ತನ್ನ ಜೇಬಿಗೆ ಹಾಕ್ಕೊಂಡ. ‘ಇಳಿ, ಅಂಗಡಿ ಒಳಗೆ ಹೋಗಿ ಐಸ್‌ಕ್ರೀಂ ಕೊಂಡ್ಕೊ, ತಿರುಗಿ ನೋಡಬೇಡ’ ಅಂದ. ನಾನು ಹೋದೆ ಆಂಟಿ. ಐಸ್‌ಕ್ರೀಂ ಕೊಂಡ್ಕೊಂಡೆ. ಗಾಜಿನ ಒಳಗಿಂದ ನೋಡ್ತಾ ನಿಂತಿದ್ದೆ, ಅವನ ಕೈ ಹಿಂದಕ್ಕೆ ಕಟ್ಟೋದನ್ನ. ಜೊತೇಲಿ ಯಾರಿದ್ರು ಅಂತ ಎಷ್ಟು ಕೇಳಿದ್ರೂ ಯಾರೂ ಇಲ್ಲ ಅಂದನಂತೆ."

ಕಾಳು ಆರಿತು. ಯಾರೋ ಗಿಡಗಳಿಗೆ ನೀರು ಬಿಡುತ್ತಿದ್ದರು.

"ಬೈಯಿರಿ ಆಂಟಿ" ಎಂದಳು.

ಊಟ ಮುಗಿಸು ಎಂದೆ.

ಟೋಬಿ ನನಗೂ ಹೇಳಲಿಲ್ಲ. ನಾನು ಅವನ ತಾಯಿ, ಜಡ್ಜು, ಬಾಯಿ ಬಿಡಿಸುವುದೇ ನನ್ನ ಕಸುಬು. ಆದರೂ ಹೇಳಲಿಲ್ಲ. ಹೇಳಿದ್ದರೆ ಗಾರ್ಲಂಡ್ ಸ್ಟುಡಿಯೋದಿಂದ ಹೊರಗೆ ಕಾಲಿಡುವ ಮೊದಲೇ ಮಗಳ ಹೆಸರೆತ್ತಿ ಅವನ ಬಾಯಿ ಮುಚ್ಚಿಸುತ್ತಿದ್ದೆ. ಅದು ಗೊತ್ತಿದ್ದೇ ಹುಡುಗ ಹೇಳಲಿಲ್ಲ.

ಇದರಿಂದ ಏನೂ ಬದಲಾಗುವುದಿಲ್ಲ. ಗಾರ್ಲಂಡನ ಮೇಲಿನ ಲೆಕ್ಕ ಇನ್ನೂ ದೊಡ್ಡದಾಯಿತು, ಅಷ್ಟೇ. ನನ್ನ ಮಗ ಅವನ ಮಗಳ ಪಾಲನ್ನೂ ಹೊತ್ತ. ಗಾರ್ಲಂಡ್ ನನ್ನ ಮನೆಯ ಮೇಲೆ ಉಗಿದ.


ಜುಲೈ 13

ಬರೆಯಲು ಏನೂ ಇಲ್ಲ.


ಜುಲೈ 16

ರೂಬೆನ್ ಬಾಕಾ ಬಂದಿದ್ದ. ಕುಳ್ಳ, ಬೊಜ್ಜು, ಮಾತು ಕಡಿಮೆ. ತೊಂದರೆಯ ಪ್ರಶ್ನೆ ಕೇಳಿದರೆ ಮೀಸೆ ಕಚ್ಚುತ್ತಾನೆ. ಮಾರ್ಟಾಳ ಎದುರೇ ಕೇಳಿದೆ, "ಇವರು ಮಾಡಿದ್ರಲ್ಲಿ ಯಾವುದು ತಪ್ಪು ಅನಿಸ್ತು ನಿಮಗೆ?" ಎಂದು. ಜನರಲ್‌ಗೆ ಇದೇ ಪ್ರಶ್ನೆ ಕೇಳಿದ್ದಾಗ, ತಪ್ಪೇ ಕಾಣಲಿಲ್ಲ ಎಂದು ಎದ್ದು ಸಲಾಮು ಹೊಡೆದಿದ್ದ.

ಬಾಕಾ ಮೀಸೆ ಕಚ್ಚಿದ. "ಮೇಡಂ, ಉಕ್ಕಿನ ಕಾರ್ಖಾನೆ ಮುಷ್ಕರದಲ್ಲಿ ನೀವು ಮೊದಲನೇ ವಾರವೇ ಹೋಗಬೇಕಿತ್ತು. ನೀವು ಹೋದಾಗ ಕೆಲಸಗಾರರು ಗೆದ್ದಾಗಿತ್ತು. ಫೋಟೋಗೆ ಹೋದ ಹಾಗಾಯ್ತು."

ಮಾರ್ಟಾಳ ಕುತ್ತಿಗೆ ಕೆಂಪಾಯಿತು. ಬಾಕಾ ಇನ್ನೂ ಮುಗಿಸಿರಲಿಲ್ಲ. "ಇದನ್ನ ಹೊರಗೆ ಯಾರಾದ್ರೂ ಕೇಳಿದ್ರೆ ನೀವು ಮಾಡಿದ್ದು ಸರಿ ಅಂತೀನಿ."

ಅವನು ಹೋದ ಮೇಲೆ ಮಾರ್ಟಾ ಬಾಗಿಲು ಮುಚ್ಚಿ ಬಂದಳು. "ಕಾಲೂರೋ ಕತ್ತೆ" ಎಂದಳು.

"ಆದ್ರೆ ವೆಂಡಲ್ ಲೆಕ್ಕದಲ್ಲಿ ಗಾರ್ಲಂಡೇ ಮುಂದೆ" ಎಂದೂ ಸೇರಿಸಿದಳು.


ಜುಲೈ 19

ಹೇಳಿದೆ.

"ಗಾರ್ಲಂಡ್ ಬೇಡ ಮಾರ್ಟಾ."

"ಕಾರಣ?"

"ನನ್ನ ಸೇಡು."

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಸಿಟ್ಟು ಬೇಡ, ಕಾರಣ ತಾ ಅಂದಿದ್ದೆ ನಾನು."

"ನನ್ನ ಹತ್ರ ಇರೋದು ಅದೊಂದೇ. ಅವನ ಆದಾಯ ಸರಿ ಇದೆ, ಆರೋಗ್ಯ ಸರಿ ಇದೆ, ಎಲ್ಲ ಸರಿ ಇದೆ. ಅವನನ್ನ ಹತ್ತಿಸಿದ್ರೆ ನಾನು ನಿನ್ನ ಜೊತೆ ವೇದಿಕೆ ಹತ್ತಲ್ಲ. ಆರಿಸ್ಕೋ."

"ಬೇರೆ ಏನೂ ಇಲ್ವಾ?"

"ಇಲ್ಲ."

"ಬೆರೀಯಕ್ಕೆ ಎರಡು ಸಲ ಹೋಗಿದ್ದೆಯಂತೆ."

"ಟೊಮೇಟೊ ಸಸಿ ತರೋಕೆ."

"ಜುಲೈನಲ್ಲಿ ಟೊಮೇಟೊ ಸಸಿ ನೆಡ್ತೀಯಾ?" ಮಾರ್ಟಾ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. "ಐಡಾ, ನೀನು ಜಡ್ಜ್ ಆಗಿದ್ದಾಗ ಸುಳ್ಳು ಸಾಕ್ಷಿ ಹೇಳೋರನ್ನ ಹ್ಯಾಗೆ ಹಿಡೀತಿದ್ದೆ?"

"ಉತ್ತರ ತುಂಬ ಬೇಗ ಬರ್ತಿತ್ತು ಅವರಿಂದ."

"ಹೂಂ" ಎಂದಳು. ಮತ್ತೆ ಕೇಳಲಿಲ್ಲ. ಕಾಲೇಜಿನಲ್ಲೂ ಅವಳು ಹೀಗೆಯೇ. ಬಾಗಿಲ ತನಕ ಬಂದು ತಟ್ಟದೆ ಹೋಗುತ್ತಿದ್ದಳು.

ಕೊನೆಗೆ ಬಾಕಾನೇ ಸರಿ ಎಂದಳು. ಅದು ಅವಳ ಮನಸ್ಸಿನಲ್ಲೂ ಇತ್ತು, ವೆಂಡಲ್‌ಗೆ ಹೆದರಿದ್ದಳು. ಆದರೆ ನನ್ನತ್ತ ತಿರುಗಿದಾಗ ಅವಳ ಮುಖ ಬೇರೆಯಾಗಿತ್ತು.

"ನೀನು ಈ ಮಾತು ಹೊರಗೂ ಹೇಳಿದ್ರೆ, ಸೇಡಿಗೆ ಹೆಸರು ಹೊಡೆದುಹಾಕಿದೋಳನ್ನ ನಾನು ನ್ಯಾಯ ಇಲಾಖೇಲಿ ಕೂರಿಸೋಕಾಗಲ್ಲ."

"ಕೂರಿಸಿದ್ರೆ ನಾನೇ ನಿನಗೆ ಮತ ಹಾಕಲ್ಲ."

ಇಬ್ಬರೂ ನಕ್ಕೆವು. ಅವಳ ಕಣ್ಣು ಒದ್ದೆಯಾಗಿತ್ತು. ಸೇಡಿಗೆ ಬೆಲೆ ಇರುತ್ತದೆ, ಗೊತ್ತಿದ್ದೇ ಕೊಂಡದ್ದು. ಮನೆಗೆ ಬಂದು ಎರಡು ಸಲ ಮುಖ ತೊಳೆದುಕೊಂಡೆ.


ಜುಲೈ 22

ಸ್ಥಾನ ಸಿಗದವರಿಗೆ ಘೋಷಣೆಗೆ ಮೊದಲು ಫೋನ್ ಮಾಡಬೇಕು. ಕಾರಣ ಹೇಳುವಂತಿಲ್ಲ. ‘ಕೂದಲೆಳೆಯಲ್ಲಿ ತಪ್ಪಿತು’ ಎಂದು ಎಲ್ಲರಿಗೂ ಒಂದೇ ಮಾತು. ಅವರೂ ಧನ್ಯವಾದ ಹೇಳಿ ಇಡುತ್ತಾರೆ. ಹಿಂದಿನಿಂದ ನಡೆದುಕೊಂಡು ಬಂದ ಮರ್ಯಾದೆ ಇದು. ಮಾಡಬೇಕಾದವಳು ಮಾರ್ಟಾ. ಗಾರ್ಲಂಡನ ಫೋನು ನನಗೆ ಬಿಡು ಎಂದು ಕೇಳಿಕೊಂಡಿದ್ದೆ.

"ಸೆನೆಟರೇ, ಕೂದಲೆಳೆಯಲ್ಲಿ ತಪ್ಪಿತು" ಎಂದೆ.

ಅವನು ಧನ್ಯವಾದ ಹೇಳಲಿಲ್ಲ. "ಯಾಕೆ?" ಎಂದ.

"ಕಾರಣ ಹೇಳೋ ಪದ್ಧತಿ ಇಲ್ಲ."

"ನಾನು ಕಂಡುಹಿಡೀತೀನಿ. ನನಗೂ ಜನ ಇದ್ದಾರೆ. ನೀನು ಬೆರೀಯಕ್ಕೆ ಒಂದಲ್ಲ, ಎರಡು ಸಲ ಹೋಗಿದ್ದೆ." ಅವನ ದನಿ ಇಳಿಯಿತು. "ಐಡಾ, ಲಾರೆಲ್ ಏನಾದ್ರೂ ಹೇಳಿದ್ಲಾ? ಈಚೆಗೆ ಫೋನಲ್ಲಿ ಅವಳ ದನಿ… ಹುಡುಗರನ್ನ ಕಳಿಸಿ ವಿಚಾರಿಸಲಾ?"

ಒಬ್ಬ ಹುಡುಗನನ್ನು ಕಳಿಸಿದರೆ ಅವನ ಹಿಂದೆಯೇ ಒಬ್ಬ ಪತ್ರಕರ್ತ ಹೋಗುತ್ತಾನೆ. ಒಬ್ಬ ಹೋದರೆ ಎಲ್ಲರೂ.

"ಆ ಹುಡುಗಿಗೂ ಇದಕ್ಕೂ ಏನೋ ಸಂಬಂಧ?" ಎಂದೆ. "ನಿನ್ನ ಮಗಳು ನನಗೆ ಸಸಿ ಮಾರಿದ್ಲು, ಅಷ್ಟೇ. ನಿನ್ನ ಹೆಸರು ಹೊಡೆದುಹಾಕಿದ್ದು ನಾನು. ಟೋಬಿಗೋಸ್ಕರ ಹೊಡೆದುಹಾಕಿದೆ. ಒಂಬತ್ತು ವರ್ಷ ಕಾದೆ ಗಾರ್ಲಂಡ್, ನಿನ್ನ ಬಾಯಿ ಹತ್ತಿರ ತುತ್ತು ಬರಲಿ ಅಂತ ಕಾದೆ. ಬಂತು, ಕಿತ್ಕೊಂಡೆ. ನನ್ನ ಮಗ ಮಣ್ಣಿಗೆ ಹೋದಾಗ ಅವನ ಹೆಸರಿನ ಮೇಲೆ ನೀನು ಉಗಿದದ್ದು ಒಣಗಿರಲಿಲ್ಲ. ಈಗ ಹೋಗಿ ಯಾರಿಗೆ ಬೇಕಾದ್ರೂ ಹೇಳು."

ತಡವರಿಸಲಿಲ್ಲ ನಾನು. ಕಟ್ಟಿ ಹೇಳುವ ಕಷ್ಟವೂ ಇರಲಿಲ್ಲ. ಇಷ್ಟು ವರ್ಷ ಪಾತ್ರೆ ತೊಳೆಯುವಾಗಲೆಲ್ಲ ಬಾಯಿಪಾಠ ಮಾಡಿದ ಮಾತು.

"ಹಾಳಾದ ಮುದುಕಿ!" ಎಂದ. "ನಿನ್ನ ಹೊಟ್ಟೆಕಿಚ್ಚಿಗೆ ದೇಶನೇ ಬಲಿ ಕೊಟ್ಟೆಯಲ್ಲ! ಹೇಳ್ತೀನಿ. ನಾಳೇನೇ ಟಿವೀಲಿ ಹೇಳ್ತೀನಿ. ಇನ್ಮೇಲೆ ನಿನ್ನ ಗೇಟಿನ ಹತ್ರ ನಾಯಿನೂ ಬರಬಾರ್ದು."

"ಹೇಳು. ಚೆನ್ನಾಗಿ ಹೇಳು. ಕಥೆ ಹೇಳೋದು ನಿನಗೆ ಬರುತ್ತೆ."

ಫೋನ್ ಇಟ್ಟೆ. ಎಷ್ಟು ಸಿಹಿಯಾಗಿರಬಹುದು ಎಂದುಕೊಂಡಿದ್ದೆ ಈ ಗಳಿಗೆ. ಗೆದ್ದದ್ದು ನಾನೇ ತಾನೆ. ಒಂಬತ್ತು ವರ್ಷದ ದಾರಿ ನಡೆದು ಬಂದವಳಿಗೆ ಕಾಲು ನೋಯುವುದು ಸಹಜ. ಬೇಗ ಮಲಗಿದೆ.


ಜುಲೈ 24

ಗಾರ್ಲಂಡ್ ನಿನ್ನೆ ಸಂಜೆಯ ಸುದ್ದಿಯಲ್ಲಿ ಹೇಳಿದ. ಮಾತಿಗೆ ತಪ್ಪಲಿಲ್ಲ, ಇದೇ ಮೊದಲ ಸಲ. "ಜೋಡಿ ಆರಿಸಿದ್ದು ಮಾರ್ಟಾ ಹುಡಾಕ್ ಅಲ್ಲ. ಸತ್ತ ಮಗನ ಹೆಸರಲ್ಲಿ ಹಗೆ ಸಾಧಿಸೋ ಒಬ್ಬ ಮುದುಕಿ." ಮಾರ್ಟಾ ಸಣ್ಣದೊಂದು ಉತ್ತರ ಕೊಟ್ಟು ನನ್ನಿಂದ ದೂರ ಸರಿದಳು. ಹಾಗೆಯೇ ಮಾಡು ಎಂದು ಹೇಳಿದ್ದವಳು ನಾನೇ. ಆದರೂ ನೋಡಲಾಗದೆ ಟಿವಿ ಆರಿಸಿದೆ.

ಬೆಳಿಗ್ಗೆ ಅವನ ಕಥೆ ಕೇಳಿದವರೆಲ್ಲ ಇಲ್ಲಿದ್ದರು. ಹಳ್ಳದ ದಾರಿಯುದ್ದಕ್ಕೂ ವ್ಯಾನುಗಳು. ಬೇಲಿಯಾಚೆ ಕ್ಯಾಮೆರಾಗಳು. ಕೆಲವರು ಬೇಲಿಯ ಈಚೆಗೂ ಬಂದು ನನ್ನ ಬೀನ್ಸ್ ಸಾಲಿನ ಮೇಲೆ ನಿಂತಿದ್ದರು. ಲೂಯಿವಿಲ್ಲಿನವನೂ ಇದ್ದ. ಎಲ್ಲರಿಗಿಂತ ಮುಂದೆ, ಮುನಿಸಿಕೊಂಡ ಮುಖ ಹೊತ್ತು.

"ಜಡ್ಜಮ್ಮ, ಟೀಗ್ ಹೇಳಿದ್ದು ನಿಜವಾ?"

"ನಿಜ."

"ಬರೀ ಸೇಡಾ? ಬೇರೆ ಏನೂ ಇಲ್ವಾ?"

"ಸೇಡು ಸಾಲದಾ ನಿಮಗೆ? ಬನ್ನಿ, ಮೊದಲಿಂದ ಹೇಳ್ತೀನಿ."

ಪಡಸಾಲೆಯ ಬೆಂಚು ಎಳೆದು ತಂದೆ, ಒಳಗಿನ ಕುರ್ಚಿಗಳನ್ನೂ ತಂದು ಅಂಗಳದ ಮರದ ನೆರಳಿಗೆ ಹಾಕಿದೆ. ಅವರು ಕೂತರು. ಟೋಬಿ ಹುಟ್ಟಿದ ದಿನದಿಂದ ಶುರುಮಾಡಿದೆ. ಆ ಚುನಾವಣೆ, ಆ ಬಸ್ಸು, ಆ ಟಿವಿ, ಎಲ್ಲ ಹೇಳಿದೆ. ಯಾರಾದರೂ ಎದ್ದು ಗಡಿಯಾರ ನೋಡಿದರೆ ಗಾರ್ಲಂಡನನ್ನು ಇನ್ನಷ್ಟು ಬಿಸಿಯಾಗಿ ಬೈದೆ. ಮತ್ತೆ ಕೂತರು. ಮಧ್ಯಾಹ್ನ ದಾಟಿದರೂ ಒಬ್ಬನೂ ಎದ್ದು ಬೇರೆ ಕಡೆ ಹೋಗಲಿಲ್ಲ. ದೊಡ್ಡಜ್ಜನ ಕಾಲದ ಜಗಳವನ್ನೂ ಸೇರಿಸಿ ಹೇಳಿದೆ. ಟೋಬಿಯ ಕಾರಿನಲ್ಲಿ ಅವನೊಬ್ಬನೇ ಇದ್ದ ಎಂದೂ ಹೇಳಿದೆ.

ನಡುವೆ ಒಂದು ಸಲ ನೀರು ಕುಡಿಯಲು ಒಳಗೆ ಬಂದಾಗ ಫೋನ್ ಹೊಡೆದುಕೊಳ್ಳುತ್ತಿತ್ತು. ಲಾರೆಲ್.

"ನೋಡ್ತಾ ಇದ್ದೀನಿ ಆಂಟಿ" ಎಂದಳು. ಅಳುತ್ತಿದ್ದಳೋ ಏನೋ. "ಅಷ್ಟು ಜನ ನಿಮ್ಮ ಮನೆ ಮುಂದೆ…"

"ಅಲ್ಲಿ?"

"ಇಲ್ಲಿ ಯಾರೂ ಇಲ್ಲ. ಬೀದಿ ಖಾಲಿ. ನರ್ಸರಿಗೆ ನಡ್ಕೊಂಡೇ ಬಂದೆ."

"ಊಟ ಮಾಡಿದ್ಯಾ?"

"ಇನ್ನೂ ಇಲ್ಲ."

"ಮಾಡು" ಎಂದು ಹೇಳಿ ಫೋನ್ ಇಟ್ಟು, ಗಾರ್ಲಂಡನನ್ನು ಬೈಯಲು ಹೊರಗೆ ಹೋದೆ.